ನಾಲ್ಕು ಇಂಚು

ಮಾರ್ಚ್ ೩, ಮಂಗಳವಾರ

ಇವತ್ತು ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯಿತು. ಗುಡ್ಡದ ಮೇಲಿನ ವಿಶ್ರಾಂತಿ ಗೃಹದವರು ಹಾಸಿಗೆ ಬಟ್ಟೆಗಳನ್ನು ಈಗ ನಮ್ಮ ಲಾಂಡ್ರಿಗೇ ಕೊಡುತ್ತಿದ್ದಾರೆ. ಅಲ್ಲಿಗೆ ಹೋಗುವ ದಾರಿಯನ್ನು ರಸ್ತೆ ಎಂದು ಕರೆಯುವುದು ಬರೀ ಮರ್ಯಾದೆಗೆ. ದಡ್ ಎಂದು ಸದ್ದಾದ ಕೂಡಲೇ ಯಜಮಾನರು ಇಳಿದು ಪಿಕಪ್ಪಿನ ಕೆಳಗೆ ಮಲಗಿದರು. ಎದ್ದು ಬಂದಾಗ ಮೂಗಿನ ಮೇಲೆ ಗ್ರೀಸು, ಕಣ್ಣಲ್ಲಿ ಒಂದು ಹೊಳಪು. ಆ ಹೊಳಪು ನನಗೆ ಗೊತ್ತು. ಹಿಂದೆ ಅದು ಬಂದಾಗ ಮನೆಗೆ ಮೀನಿನ ತೊಟ್ಟಿ ಬಂದಿತ್ತು, ಅದಕ್ಕೂ ಹಿಂದೆ ವ್ಯಾಯಾಮದ ಯಂತ್ರ. ತೊಟ್ಟಿಯಲ್ಲಿ ಈಗ ಬಟ್ಟೆ ಕ್ಲಿಪ್ಪು ಇಟ್ಟಿದ್ದೇವೆ.

“ಗಾಡಿ ಎತ್ತರಿಸ್ಬೇಕು,” ಅಂದರು.

“ಮೊದ್ಲು ನೋಡ್ಕೊಂಡು ಓಡ್ಸು,” ಅಂದರು ಅತ್ತೆ, ಮುಂದಿನ ಸೀಟಿನಿಂದ.

ಮುಂದಿನ ಸೀಟಿನ ವಿಷಯ ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಯಜಮಾನರ ಪಕ್ಕದ ಸೀಟು ಅತ್ತೆಯದು, ಹಿಂದಿನದು ನನ್ನದು. ಹಿಂದಿನ ಸೀಟು ಎಂದರೆ ಉಳಿದ ಜಾಗಕ್ಕೆ ಕಂಪನಿಯವರು ಹೊಡೆದ ಒಂದು ಹಲಗೆ. ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ. ಇಸ್ತ್ರಿಯಾದ ಕೋಟುಗಳನ್ನೂ ಅಲ್ಲೇ ನೇತುಹಾಕುವುದರಿಂದ ತಿರುವಿಗೊಮ್ಮೆ ಹಲ್ಲಿನ ಡಾಕ್ಟರ ತೋಳು ನನ್ನ ಕೆನ್ನೆ ಸವರುತ್ತದೆ. ಇಷ್ಟು ವರ್ಷದಲ್ಲಿ ಯಜಮಾನರು ಸವರಿದ್ದಕ್ಕಿಂತ ಅದೇ ಹೆಚ್ಚು.

ಅತ್ತೆ ಕೂರುವುದೂ ಸುಮ್ಮನೆ ಅಲ್ಲ. ಕೆಳಗೆ ಯಾವುದೋ ಮುಚ್ಚಿಹೋದ ಲಾಡ್ಜಿನ ಮೊಹರಿರುವ ದಿಂಬು ಬೇಕು. ಕಿಟಕಿ ಎರಡೇ ಬೆರಳು ತೆರೆದಿರಬೇಕು. ತಿರುವು ಬರುವ ಮೊದಲೇ ಉಂಗುರದಿಂದ ಡ್ಯಾಶ್‌ಬೋರ್ಡಿಗೆ ಟಕಟಕ ಕುಟ್ಟಿ “ನಿಧಾನ” ಅನ್ನಬೇಕು. ತನ್ನ ಕಡೆ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಬೇಕು. ಗಿರಾಕಿಗಳು ಗಾಡಿಯ ಹತ್ತಿರವೇ ಬಂದು ಕಿಟಕಿಯಲ್ಲಿ ಮಾತಾಡಿಸಬೇಕು. ಗಾಡಿ ಹೊರಟ ಮೇಲೆ ಒಬ್ಬೊಬ್ಬರ ಮೇಲೂ ಒಂದು ತೀರ್ಪು: “ಆಕೆ ಒಳ್ಳೆಯವಳು, ಆದರೆ…” ಆ ಆದರೆಯ ಬಾಲ ಮುಂದಿನ ಗಿರಾಕಿಯ ಬಾಗಿಲವರೆಗೂ ಎಳೆಯುತ್ತದೆ. ದೇವರೇ ಬಂದು ಬಟ್ಟೆ ಒಗೆಯಲು ಕೊಟ್ಟರೂ ಅವನೂ ಒಳ್ಳೆಯವನೇ, ಆದರೆ.

ಮಂಡಿ ಎರಡೂ ಕೈಕೊಟ್ಟ ಮೇಲೆ ಅತ್ತೆ ಗೇಟು ದಾಟುವುದು ಮಂಗಳವಾರ, ಶುಕ್ರವಾರದ ಈ ಸುತ್ತಿಗೆ ಮಾತ್ರ. ಉಳಿದ ದಿನಗಳಲ್ಲಿ ಮಡಚುವ ಮೇಜಿನ ತುದಿಯಲ್ಲಿ ಕೂತು ದಿಂಬಿನ ಚೀಲ ಮಡಚುತ್ತಾರೆ, ನಾನು ಮಡಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚುತ್ತಾರೆ.

ಮಾರ್ಚ್ ೫, ಗುರುವಾರ

ಯಜಮಾನರು ನನ್ನ ಹೊಲಿಗೆ ಟೇಪು ಒಯ್ದು ಗಾಡಿಯ ಹೊಟ್ಟೆಯಿಂದ ನೆಲಕ್ಕೆ ಅಳೆದರು. ಚಕ್ರದ ಮೇಲಿನ ಜಾಗ ಅಳೆದರು. ಆಮೇಲೆ ಬಾಗಿಲ ಪಕ್ಕ ನಿಂತು, ಯಾಕೋ, ತಮ್ಮನ್ನೇ ಅಳೆದುಕೊಂಡರು. ಯಾವ ಅಳತೆಯೂ ಸಮಾಧಾನ ತಂದಂತೆ ಕಾಣಲಿಲ್ಲ.

ಸಂಜೆ ನನ್ನ ತಮ್ಮ ಬಂದ. ಇವನಿಗೆ ಮನೆಯಲ್ಲಿ ಇಟ್ಟ ಹೆಸರು ಬೇರೆ, ಎಲ್ಲರೂ ಕರೆಯುವುದು ‘ಗೊತ್ತು’ ಎಂದು. ಯಾರು ಏನು ಹೇಳಲು ಬಾಯಿ ತೆರೆದರೂ “ಗೊತ್ತು, ಗೊತ್ತು” ಎಂದು ಬಾಯಿ ಮುಚ್ಚಿಸುತ್ತಾನೆ. ಭಾವ-ಮೈದುನರಿಬ್ಬರೂ ಒಂದು ಫೋನಿಗೆ ತಲೆಗೆ ತಲೆ ತಾಗಿಸಿ ಕೂತು, ಯಾವನೋ ಒಬ್ಬ ಗಾಡಿಯನ್ನು ಮಂಚದಷ್ಟು ಎತ್ತರಿಸಿ ಕೆಸರಿನಲ್ಲಿ ಹೊರಳಾಡಿಸುವುದನ್ನು ನೋಡಿದರು. ನಮ್ಮ ಗಾಡಿ ಹೊರುವುದು ಟವೆಲ್ಲು.

ಮಾರ್ಚ್ ೯, ಸೋಮವಾರ

ಗೊತ್ತುವನ್ನೂ ಕರೆದುಕೊಂಡು ಸ್ಪ್ರಿಂಗ್ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಮಾತಿನ ಮಲ್ಲ, ತನ್ನ ಬಗ್ಗೆ ತನಗೆ ಬಹಳ ಒಳ್ಳೆಯ ಅಭಿಪ್ರಾಯ. ಕುರ್ಚಿ ಕೊಡುವ ಮುಂಚೆ ತಾನು ಯಾವ ಯಾವ ಗಾಡಿಗಳನ್ನು ಎತ್ತಿದ್ದೇನೆ ಎಂದು ಗೋಡೆಯ ಮೇಲಿನ ಫೋಟೋ ತೋರಿಸಿದ. ಎತ್ತರಿಸಲು ಎರಡು ದಾರಿ ಇವೆಯಂತೆ. ಇರುವ ಸ್ಪ್ರಿಂಗಿನ ತಲೆಯ ಮೇಲೆ ಒಂದು ಬಿಲ್ಲೆ ಕೂರಿಸುವುದು ಒಂದು. ಎತ್ತರವೂ ಬರುತ್ತದೆ, ಸೊಂಟನೋವೂ ಬರುತ್ತದೆ. ಇನ್ನೊಂದು, ಮುಂದೆ ಉದ್ದದ ಹೊಸ ಸ್ಪ್ರಿಂಗು, ಹಿಂದೆ ಬಿಲ್ಲಿನಂಥ ಹೊಸ ಪಟ್ಟಿಗಳು, ನಾಲ್ಕೂ ಕಡೆ ಕುಲುಕಾಟ ತಡೆಯುವ ಹೊಸ ಶಾಕು. ಯಜಮಾನರು ಎರಡನೆಯದಕ್ಕೆ ಮನಸೋತರು. ಎಷ್ಟು ಇಂಚು ಎನ್ನುವುದಕ್ಕೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ನನ್ನ ಕಡೆ ನೋಡಿದರು.

“ನಿಮ್ಮ ದಾರಿಗೆ ಎರಡು ಇಂಚು ಸಾಕು,” ಅಂದ ಅಂಗಡಿಯವನು. “ನಾಲ್ಕು ಹಾಕಿದ್ರೆ ನೋಡೋಕೆ ಗತ್ತಾಗಿರುತ್ತೆ. ಮನೇಲಿ ವಯಸ್ಸಾದವ್ರು ಇದ್ರೆ ಬೇಡ. ಹತ್ತೋಕಾಗಲ್ಲ ಅವ್ರಿಗೆ.”

ಅದುವರೆಗೆ ನಾನು ಆಕಳಿಸುತ್ತಾ ಕೂತಿದ್ದೆ. ಆಕಳಿಕೆ ಅರ್ಧಕ್ಕೆ ನಿಂತಿತು.

ಅತ್ತೆ ಗಾಡಿ ಹತ್ತುವುದನ್ನು ನೋಡಿ ನೋಡಿ ನನಗೆ ಬಾಯಿಪಾಠ. ಮೊದಲು ಕೋಲು ಒಳಗೆ ಹೋಗುತ್ತದೆ. ಒಂದು ಕೈ ಬಾಗಿಲ ಹಿಡಿಗೆ. ಮಗನ ಅಂಗೈ ಮೊಣಕೈ ಕೆಳಗೆ ಇರಬೇಕು, ಸೊಂಟಕ್ಕೆ ಬಂದರೆ ಏಟು. ಆಮೇಲೆ ಪಾದ ಅಂಚಿನ ಮೇಲೆ, ಒಂದು “ಹೂಂ”, ಮೇಲೆ. ಆ ಹೂಂನಲ್ಲಿ ಎರಡು ಇಂಚು ಹೇಗೋ ಹಿಡಿಸೀತು. ನಾಲ್ಕು ಹಿಡಿಸುವುದಿಲ್ಲ.

ರಾತ್ರಿ ಅತ್ತೆ ಮಲಗಿದ ಮೇಲೆ, ತಮ್ಮನೂ ನಮ್ಮ ಜೊತೆ ಊಟಕ್ಕೆ ಕೂತಾಗ ಹೇಳಿದೆ. “ರೀ, ಹಾಕ್ಸೋದೇ ಆದ್ರೆ ನಾಲ್ಕೇ ಹಾಕ್ಸಿ. ಅರ್ಧಂಬರ್ಧ ಕೆಲಸ ಯಾಕೆ.”

ಯಜಮಾನರ ತುತ್ತು ಕೈಯಲ್ಲೇ ಉಳಿಯಿತು. ಮದುವೆಯ ದಿನ ಕೂಡ ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಮಾರ್ಚ್ ೧೧, ಬುಧವಾರ

ನಾನೇನು ಅತ್ತೆಗೆ ಕೆಟ್ಟದ್ದು ಬಯಸಿದೆನೇ? ಕಲ್ಲುದಾರಿಯಲ್ಲಿ ಕುಲುಕಾಡಿ ಮಂಡಿ ಇನ್ನಷ್ಟು ಹಾಳಾಗುವ ಬದಲು ಮನೆಯಲ್ಲಿ ಹಾಯಾಗಿ ಇರಲಿ. ಫ್ಯಾನಿದೆ, ಮೇಜಿದೆ, ಬಿಚ್ಚಿ ಮಡಚಲು ನಾನು ಮಡಚಿದ ಬಟ್ಟೆ ಇದೆ. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು.

ಮಾರ್ಚ್ ೧೫, ಭಾನುವಾರ

ಇಡೀ ದಿನ ಅಂಗಳದಲ್ಲಿ ಕುರುಕ್ಷೇತ್ರ. ಸಾಮಾನು ಅಂಗಡಿಯದು, ಜೋಡಣೆ ಮಾತ್ರ ಸ್ವಂತ. ಅಂಗಡಿಯವನು ಏನೋ ಹೇಳಲು ಬಂದಿದ್ದನಂತೆ, ನನ್ನ ತಮ್ಮ “ಗೊತ್ತು, ಗೊತ್ತು” ಎಂದು ಡಬ್ಬ ಹೊತ್ತುಕೊಂಡು ಬಂದಿದ್ದಾನೆ.

ಗಾಡಿಯನ್ನು ಜ್ಯಾಕಿನಿಂದ ಎತ್ತಿ ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿದರು. ಚಕ್ರ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಬೈದು, ಪೈಪು ಸಿಕ್ಕಿಸಿ ಜಗ್ಗಿದರು. ಒಂದು ಬೋಲ್ಟು ಬಂದ ರಭಸಕ್ಕೆ ಯಜಮಾನರು ಒಗೆದಿಟ್ಟ ಬೆಡ್‌ಶೀಟಿನ ಬುಟ್ಟಿಯಲ್ಲಿ ಹೋಗಿ ಕೂತರು. ಹಳೆಯ ಸ್ಪ್ರಿಂಗು ಹೊರಗೆ ಬಂತು, ಹೊಸದು ಒಳಗೆ ಹೋಗಲೊಲ್ಲದು. ಗೊತ್ತು ಅದರ ಮೇಲೆ ಹತ್ತಿ ನಿಂತ. ಯಜಮಾನರು ಗೊತ್ತುವಿನ ಹೆಗಲಿಗೆ ಜೋತುಬಿದ್ದರು. ನಾನು ಕಿಟಕಿಯ ಒಳಗಿನಿಂದ ನೋಡಿ, ನಕ್ಕು, ಸಮಾಧಾನವಾಗುವವರೆಗೆ ನಕ್ಕು, ಆಮೇಲೆ ಟೀ ಕೊಟ್ಟೆ. ಎಲ್ಲ ಕೂತ ಮೇಲೆ, ಗಾಡಿ ಇನ್ನೂ ಕಾಲು ಇಳಿಬಿಟ್ಟುಕೊಂಡು ಗಾಳಿಯಲ್ಲಿರುವಾಗಲೇ, ಇಬ್ಬರೂ ಹಲ್ಲು ಕಚ್ಚಿ ಒಂದೊಂದು ಬೋಲ್ಟನ್ನೂ ಪ್ರಾಣ ಹೋಗುವಂತೆ ಬಿಗಿದರು. ಕೊನೆಗೆ ಒಂದು ವಾಷರ್ ಉಳಿಯಿತು. “ಎಕ್ಸ್‌ಟ್ರಾ ಕೊಟ್ಟಿರ್ತಾರೆ, ಗೊತ್ತು,” ಎಂದು ತಮ್ಮ ಅದನ್ನು ಜೇಬಿಗಿಳಿಸಿದ.

ಕೆಳಗಿಳಿಸಿದಾಗ ಗಾಡಿ ನಿಜಕ್ಕೂ ಎತ್ತರವಾಗಿತ್ತು. ಯಜಮಾನರು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತರು.

“ಎಷ್ಟು?” ಅಂದರು.

“ನಾಲ್ಕಮ್ಮ. ನಾಲ್ಕು ಇಂಚು.”

ಅತ್ತೆ ಗಾಡಿಯ ಅಂಚು ನೋಡಿದರು. ಆಮೇಲೆ ಮಗನನ್ನು ನೋಡಬೇಕಿತ್ತು, ನನ್ನನ್ನು ನೋಡಿದರು. ನಾನು ಟೀ ಲೋಟ ಎತ್ತಿಕೊಂಡು ಒಳಗೆ ಬಂದೆ.

ಮಾರ್ಚ್ ೧೭, ಮಂಗಳವಾರ

ಗೆದ್ದೆ.

ಬೆಳಗ್ಗೆ ಎಂದಿನಂತೆ ಅತ್ತೆ ತಲೆ ಬಾಚಿಕೊಂಡು, ಹೊರಗಿನ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಎಲ್ಲರಿಗಿಂತ ಮುಂಚೆ ಗೇಟಿನ ಬಳಿ ನಿಂತಿದ್ದರು. ಕೋಲು ಒಳಗೆ ಹೋಯಿತು. ಕೈ ಹಿಡಿಗೆ ಹೋಯಿತು. ಪಾದ ಅಂಚಿನವರೆಗೆ ಏರಿ, ಮುಟ್ಟಿ, ಜಾರಿತು. ಇನ್ನೊಮ್ಮೆ. ಹೂಂ ಬಂತು, ಅತ್ತೆ ಮೇಲೆ ಬರಲಿಲ್ಲ. ಯಜಮಾನರು “ಎತ್ತಿ ಕೂರಿಸ್ಲಾ ಅಮ್ಮ?” ಅಂದರು.

“ನಾನೇನು ಮೂಟೆನಾ,” ಅಂದರು ಅತ್ತೆ. ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಂತು, “ನೀವು ಹೋಗ್ಬನ್ನಿ. ಸಲೂನಿನ ಟವೆಲ್ಲು ಮಡಚೋದಿದೆ,” ಅಂದರು. ಸಲೂನಿನ ಟವೆಲ್ಲು ಆಗಲೇ ಕಟ್ಟಾಗಿ ಗಾಡಿಯಲ್ಲಿತ್ತು.

ನಾನು ಮುಂದೆ ಕೂತೆ. ಆ ಸುಖವನ್ನು ಹೇಗೆ ಬರೆಯಲಿ. ಕಾಲು ಚಾಚಬಹುದು. ಎದುರಿಗೆ ಗಾಜಿನ ತುಂಬ ದಾರಿ. ಕತ್ತಲಲ್ಲಿ ವಾಪಸ್ಸು ಬರುವಾಗ, ಎದುರು ಬರುವವರು ಎತ್ತರವಾದ ನಮ್ಮ ದೀಪ ಕಣ್ಣಿಗೆ ಹೊಡೆದು ಬೈಯುವುದು ಕೂಡ ಇಂಪಾಗಿ ಕೇಳಿಸಿತು. ಕೋಟುಗಳು ಹಿಂದಿನ ಸೀಟಿನಲ್ಲಿ ತಮ್ಮ ತಮ್ಮೊಳಗೇ ಸವರಿಕೊಂಡು ಬಂದವು. ದಿಂಬನ್ನು ತೆಗೆದು ಹಿಂದೆ ಎಸೆದೆ.

ಮಾರ್ಚ್ ೨೦, ಶುಕ್ರವಾರ

ಒಂದು ವಿಷಯ ಯೋಚಿಸಿರಲಿಲ್ಲ. ಮುಂದಿನ ಸೀಟು ನಾಲ್ಕು ಇಂಚು ಮೇಲೆ ಹೋದರೆ ಹಿಂದೆ ಬಟ್ಟೆ ತುಂಬುವ ತೊಟ್ಟಿಯೂ ನಾಲ್ಕು ಇಂಚು ಮೇಲೆ ಹೋಗುತ್ತದೆ. ಬಟ್ಟೆ ಗಂಟುಗಳನ್ನು ಎತ್ತಿ ತುಂಬುವವಳು ನಾನು. ಯಜಮಾನರು ಪಟ್ಟಿ ಓದುತ್ತಾರೆ, ನಾನು ಎತ್ತುತ್ತೇನೆ, ಮೊದಲಿನಿಂದಲೂ ಹಾಗೇ. ಹೋದ ವಾರದವರೆಗೆ ಸೊಂಟದಿಂದ ತಳ್ಳಿದರೆ ಒಳಗೆ ಹೋಗುತ್ತಿದ್ದ ಗಂಟನ್ನು ಈಗ ಎದೆಯವರೆಗೆ ಎತ್ತಿ ಹೆಗಲು ಕೊಡಬೇಕು. ವಿಶ್ರಾಂತಿ ಗೃಹದವರ ಹೊದಿಕೆ ಒಗೆಯುವ ಮುಂಚೆ ಹೆಣಭಾರ.

ಕೂರುವಾಗ ಬೆನ್ನಿಗೆ ಆಸರೆ ಬೇಕೆನಿಸಿತು. ಹಿಂದೆ ಬಿದ್ದಿದ್ದ ದಿಂಬು ತೆಗೆದುಕೊಂಡೆ. ದಿಂಬಿನದೇನು ತಪ್ಪು.

ಮಾರ್ಚ್ ೨೪, ಮಂಗಳವಾರ

ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಸಲೂನಿನಾಕೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು, ಕತ್ತೆತ್ತಿ ಕಿಟಕಿಯಲ್ಲಿ ನನ್ನ ಮುಖ ನೋಡಿ, “ಅಯ್ಯೋ, ದೊಡ್ಡಮ್ಮ ಎಲ್ಲಿ?” ಅಂದಳು. ಹುಷಾರಾಗಿದ್ದಾರೆ, ಮನೆಯಲ್ಲಿದ್ದಾರೆ ಅಂದೆ. “ಹೌದಾ,” ಎಂದು ಒಳಗೆ ಹೋದಳು. ಹಲ್ಲಿನ ಡಾಕ್ಟರು ಹೊರಗೆ ಬಂದವರು ಮೆಟ್ಟಿಲಲ್ಲೇ ನಿಂತು ಕೈ ಬೀಸಿ ವಾಪಸ್ಸು ಹೋದರು. ಡಾಕ್ಟರು ಒಳ್ಳೆಯವರು, ಆದರೆ ಕೋಟಿನ ಜೇಬಿನಲ್ಲಿ ಪೆನ್ನು ಬಿಟ್ಟು ಒಗೆಯಲು ಕೊಡುತ್ತಾರೆ, ಅದನ್ನು ಇವತ್ತು ಹೇಳಿಯೇ ಬಿಡೋಣ ಎಂದಿದ್ದೆ. ಯಜಮಾನರಿಗೆ ದಾರಿಯುದ್ದಕ್ಕೂ ಹೇಳಿದೆ.

ಇವರು ತಿರುವುಗಳಲ್ಲಿ ಇಷ್ಟು ಜೋರಾಗಿ ಓಡಿಸುತ್ತಾರೆಂದು ಹಿಂದೆ ಕೂತಾಗ ಗೊತ್ತೇ ಆಗಿರಲಿಲ್ಲ. ಗಾಡಿ ಎತ್ತರವಾದ ಮೇಲೆ ತೂಗಾಟವೂ ಹೆಚ್ಚು. ಬಲಗಾಲಿನ ಹಿಮ್ಮಡಿ ನೋಯುತ್ತಿದೆ, ಯಾಕೋ.

ಮಾರ್ಚ್ ೨೭, ಶುಕ್ರವಾರ

ಗಾಡಿ ನರಳಲು ಶುರುಮಾಡಿದೆ. ಹಳ್ಳ ಬಂದರೆ ಕಿರ್ ಎಂದು ಮೊದಲು, ಆಮೇಲೆ ಊಂ ಎಂದು ಉದ್ದಕ್ಕೆ. ಯಜಮಾನರು ರೇಡಿಯೋ ಜೋರು ಮಾಡಿದರು. ಅವರ ರಿಪೇರಿ ಯಾವಾಗಲೂ ಅಲ್ಲಿಂದ ಶುರು.

ಗೇಟಿನೊಳಗೆ ಬರುವಾಗ ಅತ್ತೆ ಒಳಗಿನಿಂದಲೇ, “ಅದಕ್ಕೂ ಮಂಡಿ ಹೋಯ್ತಾ?” ಅಂದರು. ಬೆಳಗಿನಿಂದ ಅವರು ಆಡಿದ್ದು ಅದೊಂದೇ ಮಾತು. ಸುತ್ತು ಹೇಗಾಯಿತು, ಯಾರು ಏನಂದರು, ಏನೂ ಕೇಳಲಿಲ್ಲ. ಮೊದಲಾದರೆ ವಿಚಾರಣೆಯೇ ನಡೆಯುತ್ತಿತ್ತು. ಹಾಯಾಗಿದೆ.

ಕಿಟಕಿಯಿಂದ ಬಹಳ ಧೂಳು. ಎರಡು ಬೆರಳಿಗಿಂತ ಹೆಚ್ಚು ತೆರೆಯಬಾರದು.

ಮಾರ್ಚ್ ೩೧, ಮಂಗಳವಾರ

ಅತ್ತೆ ಇವತ್ತು ತಲೆ ಬಾಚಲಿಲ್ಲ. ಕಳೆದ ವಾರದವರೆಗೆ ಮಂಗಳವಾರ ಬಾಚಿಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು, ಗಾಡಿ ಹೋಗುವವರೆಗೆ ಬಾಗಿಲಲ್ಲಿ ಕೂರುತ್ತಿದ್ದರು. ಇವತ್ತು ಚೀಲ ಮೊಳೆಯಲ್ಲೇ ಇತ್ತು. ಹೊರಗಿನ ಚಪ್ಪಲಿಯ ಮೇಲೆ ಯಾರೋ ಸೋಪಿನ ಡಬ್ಬ ಇಟ್ಟಿದ್ದರು. ತೆಗೆದೆ.

ವಾಪಸ್ಸು ಬಂದು ನೋಡಿದರೆ ನಾನು ಬೆಳಗ್ಗೆ ಮಡಚಿಟ್ಟ ದಿಂಬಿನ ಚೀಲ ಹಾಗೆಯೇ ಇತ್ತು. ಬಿಚ್ಚಿರಲಿಲ್ಲ. ಅಂಚಿಗೆ ಅಂಚು ಕೂಡಿರಲಿಲ್ಲ, ನನಗೇ ಕಾಣುತ್ತಿತ್ತು. ಅವರಿಗೆ ಕಾಣದೆ ಇದ್ದೀತೇ? ನನಗೆ ಬಹಳ ಬೇಜಾರಾಯಿತು. ಬೇಜಾರು ಯಾಕೆಂದು ಬರೆಯಲು ಕೂತರೆ ಭುಜ ನೋಯುತ್ತದೆ.

ಹೊಟ್ಟೆ ಉರಿಸೋಣವೆಂದೇ ಅವರೆದುರು ಕೂತು ಸುತ್ತಿನ ಸುದ್ದಿಯನ್ನೆಲ್ಲ ಒಪ್ಪಿಸಿದೆ. ಸಲೂನಿನಾಕೆ ಕೂದಲಿಗೆ ತಾಮ್ರದ ಬಣ್ಣ ಹಾಕಿಕೊಂಡದ್ದು, ವಿಶ್ರಾಂತಿ ಗೃಹದ ಮ್ಯಾನೇಜರ್ ಟವೆಲ್ಲಿನಲ್ಲಿ ಬೂಟು ಒರೆಸುವುದು, ಎಲ್ಲ. ಹೇಳಿ ಮುಗಿಸುವಷ್ಟರಲ್ಲಿ ಟೀ ಎರಡು ಸಲ ಆರಿತು. ಅತ್ತೆ “ಹೌದಾ” ಅಂದರು. ಆ ಮ್ಯಾನೇಜರ್ ಮೇಲೂ ಒಂದು ತೀರ್ಪು ಇಲ್ಲ.

ಏಪ್ರಿಲ್ ೩, ಶುಕ್ರವಾರ

ಗಾಡಿಯ ನರಳಾಟಕ್ಕೆ ಬೀದಿ ನಾಯಿಗಳು ಉತ್ತರ ಕೊಡುತ್ತಿವೆ. ಗುಡ್ಡದ ತಿರುವಿನಲ್ಲಿ ನಾನು ಬಳೆಯಿಂದ ಡ್ಯಾಶ್‌ಬೋರ್ಡು ಕುಟ್ಟಿ “ನಿಧಾನ” ಅಂದೆ. ಅನ್ನದಿದ್ದರೆ ಇವರು ಪಕ್ಕದ ಚರಂಡಿಗೇ ಇಳಿಸುತ್ತಿದ್ದರು.

“ಅಮ್ಮನ್ನ ಮನೇಲಿ ಬಿಟ್ಟು ಬಂದಿದೀನಿ ಅನ್ಕೊಂಡಿದ್ದೆ,” ಅಂದರು ಯಜಮಾನರು.

ಬಿಟ್ಟೇ ಬಂದಿದ್ದೇವಲ್ಲ. ಏನು ಮಾತಾಡುತ್ತಾರೋ. ಪಾಪ, ಬಿಸಿಲು ಜೋರಿತ್ತು.

ಏಪ್ರಿಲ್ ೭, ಮಂಗಳವಾರ

ಕೊನೆಗೆ ಗಾಡಿಯನ್ನು ಸ್ಪ್ರಿಂಗ್ ಅಂಗಡಿಗೆ ತೋರಿಸಿದೆವು. ಅಂಗಡಿಯವನು ಕೆಳಗೆ ತೂರಿ, ಟಾರ್ಚು ಹಾಕಿ ನೋಡಿ, ಹೊರಗೆ ಬಂದು, ಒಂದು ಮಾತೂ ಆಡದೆ ಟೀ ತರಿಸಿಕೊಂಡು ಕುಡಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ ಪಾಠ ಶುರುಮಾಡಿದ.

“ಗಾಳೀಲಿ ನೇತಾಡ್ತಾ ಇರೋವಾಗ ಬಿಗಿದಿದ್ದೀರಾ ಅಲ್ವಾ? ಒಳಗಡೆ ಬೋಲ್ಟ್ ಸುತ್ತ ಬಳೆ ಥರ ರಬ್ಬರ್ ಬುಶ್ ಇರುತ್ತೆ ಸ್ವಾಮಿ. ಹೇಗೆ ಬಿಗಿದ್ರೋ ಅದೇ ತನ್ನ ಜಾಗ ಅಂತ ಹಿಡ್ಕೊಳ್ಳುತ್ತೆ. ಆಮೇಲೆ ನೆಲಕ್ಕೆ ಇಳಿಸಿದ್ರೆ ದಿನವಿಡೀ ತಿರುಚ್ಕೊಂಡೇ ಇರುತ್ತೆ. ನರಳದೆ ಹಾಡು ಹೇಳುತ್ತಾ? ಅವತ್ತು ಹೇಳೋಕೆ ಬಂದೆ, ಬಾಮೈದ ಗೊತ್ತು ಗೊತ್ತು ಅಂದ್ರು.”

ಎಲ್ಲ ಬೋಲ್ಟು ಸಡಿಲಿಸಿ, ಗಾಡಿ ದಿನಾ ಹೊರುವ ಭಾರ ಹೊತ್ತು ತನ್ನ ಕಾಲ ಮೇಲೆ ನಿಂತಿರುವಾಗ ಮತ್ತೆ ಬಿಗಿಯಬೇಕಂತೆ. ಇದಕ್ಕೆ ತಾನು ಶನಿವಾರ ಮನೆಗೇ ಬರುತ್ತೇನೆ, ಗಂಟುಗಳನ್ನು ತುಂಬಿಟ್ಟಿರಿ ಅಂದ. ಎಲ್ಲರೂ ಹೀಗೆ ಮಾಡುವುದಿಲ್ಲವಂತೆ, ತಾನು ಮಾತ್ರ ಹೀಗೆ ಮಾಡುವುದಂತೆ.

“ಜನಾನೂ ಅವರವರ ಜಾಗದಲ್ಲಿ ಕೂತಿರ್ಬೇಕು. ಮುಂದಿನ ಸೀಟಲ್ಲಿ ದಿನಾ ಯಾರು ಕೂರ್ತಾರೆ?”

ಯಜಮಾನರು ನನ್ನ ಮುಖ ನೋಡಿದರು. ಅಂಗಡಿಯವನೂ ನೋಡಿದ.

“ನಮ್ಮತ್ತೆ,” ಅಂದೆ.

ಸುಮ್ಮನೆ ಲೆಕ್ಕಕ್ಕೆ ಹೇಳಿದ್ದು. ಅತ್ತೆ ನನಗಿಂತ ತೂಕ, ಅವರ ಭಾರಕ್ಕೆ ಬಿಗಿದರೆ ನನ್ನ ಭಾರಕ್ಕೂ ಸರಿಹೋಗುತ್ತದೆ. ಅವರು ಹತ್ತಬೇಕಾದರೆ ಮೆಟ್ಟಿಲು ಬೇಕಲ್ಲ, ಎರಡು ಹಂತದ ಕಬ್ಬಿಣದ ಮೆಟ್ಟಿಲು ವೆಲ್ಡ್ ಮಾಡಲು ಹೇಳಿದೆ. ಎರಡು ಇಂಚಿಗೆ ಇಳಿಸಿಬಿಡಿ, ನನ್ನ ಭುಜ ಬಿದ್ದುಹೋಗುತ್ತಿದೆ ಎಂದೂ ಹೇಳಿದೆ. ಯಜಮಾನರು ಜನ್ಮದಲ್ಲಿ ಮೊದಲ ಸಲ ಎದೆ ಸೆಟೆಸಿ ನಿಂತರು.

“ನೀನೇ ತಾನೆ ನಾಲ್ಕು ಅಂದಿದ್ದು,” ಅಂದರು.

ಏಪ್ರಿಲ್ ೧೧, ಶನಿವಾರ

ಅತ್ತೆಯನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಮಗ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

“ಅತ್ತೆ, ಗಾಡಿ ಸರಿಮಾಡೋಕೆ ಭಾರ ಬೇಕಂತೆ,” ಅಂದೆ.

“ಈಗ ನೆನಪಾಯ್ತಾ ನನ್ನ ಭಾರ,” ಅಂದರು. ಆದರೂ ಎದ್ದರು. ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ತಲೆ ಬಾಚಿತ್ತು, ಕೈಯಲ್ಲಿ ಚೀಲವಿತ್ತು. ಅಂಗಳದಲ್ಲೇ ನಿಂತಿರುವ ಗಾಡಿಗೆ ಚೀಲ ಯಾಕೆ ಎಂದು ಯಾರೂ ಕೇಳಲಿಲ್ಲ.

ಕೋಲು ಒಳಗೆ. ಕೈ ಹಿಡಿಗೆ. ಒಂದು ಹಂತ, ಎರಡು ಹಂತ, ಹೂಂ. ಮೇಲೆ ಬಂದರು. ಬೀಳುತ್ತಾರೇನೋ ಎಂದು ನಾನು ಹಿಂದೆ ಕೈ ಚಾಚಿ ನಿಂತಿದ್ದೆ, ಮುಟ್ಟಲಿಲ್ಲ, ಮುಟ್ಟಿದರೆ ಏಟು. ದಿಂಬು ಅಲ್ಲೇ ಇತ್ತು. ನಾನು ನನ್ನ ಹಲಗೆಯ ಮೇಲೆ ಮಂಡಿ ಮಡಚಿಕೊಂಡು ಕೂತೆ. ಯಜಮಾನರು ಅಂಗಡಿಯವನಿಗೆ ಟಾರ್ಚು ಹಿಡಿಯಬೇಕಿದ್ದುದರಿಂದ ಡ್ರೈವರ್ ಸೀಟಿನಲ್ಲಿ ಅವರ ಬದಲು ಸೋಪಿನ ಪುಡಿಯ ಮೂಟೆಗಳನ್ನಿಟ್ಟರು. ತೂಕದಲ್ಲಿ ವ್ಯತ್ಯಾಸವಿರಲಿಲ್ಲ, ಮಾತಿನಲ್ಲೂ ಇರಲಿಲ್ಲ.

ಬಿಗಿದು ಮುಗಿಯುವವರೆಗೆ ಯಾರೂ ಅಲುಗಬಾರದು ಎಂದು ಕೆಳಗಿನಿಂದ ಅಪ್ಪಣೆಯಾಯಿತು. ಕಟ್ ಕಟ್ ಎಂದು ಸ್ಪಾನರ್ ಸದ್ದು. ಅತ್ತೆ ಎದುರಿನ ಗೋಡೆ ನೋಡುತ್ತಿದ್ದರು, ನಾನು ಅವರ ಜಡೆ ನೋಡುತ್ತಿದ್ದೆ. ಕೂದಲು ಬಹಳ ತೆಳುವಾಗಿದೆ. ಹಿಂದಿನಿಂದ ಇಷ್ಟು ವರ್ಷ ನೋಡಿದ್ದೇನೆ, ಯಾವಾಗ ತೆಳುವಾಯಿತೋ.

“ಎರಡು ಇಂಚು ಸಾಕು ಅಂದಿ‌ದ್ನಂತೆ ಅಂಗಡಿಯವನು,” ಅಂದರು ಅತ್ತೆ, ಗೋಡೆಯ ಕಡೆಗೆ.

ನೇತಾಡುತ್ತಿದ್ದ ಕೋಟಿನ ತೋಳು ಹಿಡಿದುಕೊಂಡೆ. “ಯಾರು ಹೇಳಿದ್ರು?”

“ನಿನ್ನ ತಮ್ಮ. ಟೀ ಕೊಟ್ಟೆ, ಎಲ್ಲಾ ಹೇಳ್ದ. ವಯಸ್ಸಾದವ್ರು ಹತ್ತೋಕಾಗಲ್ಲ ಅಂದಿದ್ದು, ನೀನು ಊಟಕ್ಕೆ ಕೂತಾಗ ನಾಲ್ಕು ಅಂದಿದ್ದು.”

ತಮ್ಮನ ಬಾಯಲ್ಲಿ ಇದೊಂದು ವಿಷಯಕ್ಕಾದರೂ ‘ಗೊತ್ತಿಲ್ಲ’ ಎಂದು ಬರಬಾರದಿತ್ತೇ. ಕ್ಷಮಿಸಿ ಅನ್ನಬೇಕು ಅನಿಸಿತು. ಬಾಯಿಗೆ ಬಂದದ್ದು “ಮಂಡಿ ನೋವಾಗುತ್ತೆ ಅಂತ…” ಎಂಬ ಅರ್ಧ ಸುಳ್ಳು. ಅದೂ ಪೂರ್ತಿ ಹೊರಗೆ ಬರಲಿಲ್ಲ.

ಕಟ್ ಕಟ್ ಎಂದು ಇನ್ನೊಂದು ಬೋಲ್ಟು ಬಿಗಿಯಾಯಿತು.

“ನಾನಾಗಿದ್ರೆ ಆರು ಅಂತಿದ್ದೆ,” ಅಂದರು ಅತ್ತೆ.

ಅವರು ಉಂಗುರದಿಂದ ಡ್ಯಾಶ್‌ಬೋರ್ಡಿನ ಧೂಳನ್ನು ಒಂದು ಕಡೆಗೆ ಸರಿಸಿದರು. “ನಂಗೂ ಒಬ್ಳು ಅತ್ತೆ ಇದ್ಲು. ನಂಗೆ ಎತ್ತರಿಸೋಕೆ ಗಾಡಿ ಇರ್ಲಿಲ್ಲ, ಅಷ್ಟೇ,” ಅಂದರು.

ಕೆಳಗಿನಿಂದ ಅಂಗಡಿಯವನು, ಯಾಕೆ ಗಾಡಿ ಅಲುಗಾಡುತ್ತಿದೆ, ಸುಮ್ಮನೆ ಕೂರಬೇಕು ಎಂದು ಹೇಳಲಿಲ್ಲವೇ ಎಂದು ಕೂಗಿದ. ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆನೇನೋ, ಕಣ್ಣು ಒರೆಸಲು ಹಲ್ಲಿನ ಡಾಕ್ಟರ ತೋಳೇ ಸಿಕ್ಕಿತು. ಆ ಕೋಟನ್ನು ಮತ್ತೆ ಒಗೆಯಬೇಕು.

ಏಪ್ರಿಲ್ ೧೪, ಮಂಗಳವಾರ

ಗಾಡಿ ತುಟಿ ಪಿಟಕ್ಕೆನ್ನದೆ ಓಡುತ್ತದೆ. ಯಜಮಾನರಿಗೆ ಕೀರ್ತಿ ಬಂತು, ಅಂಗಡಿಯವನ ಗೋಡೆಗೆ ಇನ್ನೊಂದು ಫೋಟೋ ಬಂತು, ನನಗೆ ಭುಜನೋವು ಉಳಿಯಿತು. ಗಂಟುಗಳನ್ನು ಎದೆಯವರೆಗೆ ಎತ್ತಿ ತುಂಬಿ ಹಿಂದಿನ ಹಲಗೆಗೆ ಬಂದಾಗ ಅತ್ತೆ ಆಗಲೇ ಕೂತು ಕಿಟಕಿ ಎರಡು ಬೆರಳಿಗೆ ಸರಿಮಾಡಿದ್ದರು. ಆ ಧೂಳಿಗೆ ಅಷ್ಟು ತೆರೆದದ್ದೂ ಹೆಚ್ಚಾಯಿತು. ಹೇಳಿದೆ.

ಸಲೂನಿನಾಕೆ ಸ್ಟೂಲು ತಂದು ಹತ್ತಿ ನಿಂತು ಮಾತಾಡಿದಳು. ಅರ್ಧ ಬೀದಿ ಬಂದು ವಿಚಾರಿಸಿತು. ಹೊರಟ ಮೇಲೆ ಅತ್ತೆ ಆಕೆಯ ತಾಮ್ರದ ತಲೆಯ ಮೇಲೆ ತೀರ್ಪು ಕೊಟ್ಟರು, ವಿಶ್ರಾಂತಿ ಗೃಹದ ಮ್ಯಾನೇಜರ್ ಬೂಟಿನ ಮೇಲೆ ಕೊಟ್ಟರು. ನಾನು ಹಿಂದಿನಿಂದ ವಿವರ ಒದಗಿಸಿದೆ. ಗುಡ್ಡದ ತಿರುವಿನಲ್ಲಿ ಅವರ “ನಿಧಾನ”ವೂ ನನ್ನ “ನಿಧಾನ”ವೂ ಒಟ್ಟಿಗೇ ಬಿದ್ದವು. ಯಜಮಾನರು ಗಾಡಿ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು.

ಇಳಿಜಾರಿನಲ್ಲಿ ನನಗೆ ತೂಕಡಿಕೆ ಬಂದಂತಾಯಿತು. ಕೋಟುಗಳ ಮಧ್ಯೆ ಕಣ್ಣು ಮುಚ್ಚಿದ್ದೆ. ನಿದ್ದೆ ಹೋದೆ ಎಂದುಕೊಂಡರೋ ಏನೋ, ಅತ್ತೆ ಮಗನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು. “ಅವಳು ಒಳ್ಳೆಯವಳು.”

ಕಣ್ಣು ಮುಚ್ಚಿಕೊಂಡೇ ಮುಂದಿನದಕ್ಕೆ ಕಿವಿ ನಿಮಿರಿಸಿದೆ. ಇಳಿಜಾರು ಮುಗಿಯಿತು, ಕಲ್ಲುದಾರಿ ಮುಗಿದು ಡಾಂಬರು ಬಂತು, ಸಲೂನು ದಾಟಿತು, ನಮ್ಮ ಗೇಟೂ ಬಂತು. ಮುಂದಿನದು ಬರಲೇ ಇಲ್ಲ. ಇಳಿಯುವಾಗ ಕೋಲು ಕೊಟ್ಟು ಮುಖ ನೋಡಿದೆ, ಆಗಲೂ ಇಲ್ಲ.

ನಮ್ಮತ್ತೆ ಒಳ್ಳೆಯವರು, ಆದರೆ ಮಾತನ್ನು ಅರ್ಧಕ್ಕೆ ನಿಲ್ಲಿಸುವ ಚಾಳಿ ಹೊಸದಾಗಿ ಶುರುವಾಗಿದೆ.